ಬೂತಾಯಿ ಅಳೆದ ಕಥೆ

ಮೊನ್ನೆ ಕಾಸರಗೋಡು ಜಿಲ್ಲೆಯ ಹೊಸಂಗಡಿಯಿಂದ ಬೂತಾಯಿ ಮೀನು (ಸಾರ್ಡೀನ್) ತಂದೆ. ಮನೆಯಲ್ಲಿ ತೊಟ್ಟೆ ಬಿಚ್ಚಿದರೆ ಒಂದೊಂದೂ ನನ್ನ ಬೆರಳಿನಷ್ಟೇ. ಮಗಳ ಕಂಪಾಸ್ ಬಾಕ್ಸಿನ ಸ್ಕೇಲ್ ಇಟ್ಟು ಅಳೆದೆ. ಎಂಟೂವರೆ ಸೆಂಟಿಮೀಟರ್, ಒಂಬತ್ತು, ಮತ್ತೆ ಎಂಟೂವರೆ. (ಸ್ಕೇಲನ್ನು ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಬೈಗುಳ ತಿಂದೆ.)

ಕೇರಳದ ನಿಯಮದಂತೆ ಬೂತಾಯಿ 10 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಹಿಡಿಯುವಂತಿಲ್ಲ. ಬಂಗುಡೆಗೆ 14. 2015ರಲ್ಲಿ 14 ಜಾತಿ ಮೀನುಗಳಿಗೆ ಶುರುವಾದ ಈ ಲೆಕ್ಕ ಆಮೇಲೆ 58ಕ್ಕೆ ಏರಿತು. ನಾನು ಇದರ ಪರವೇ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಬರೀ 3,297 ಟನ್. ಎಲ್ ನಿನೋ, ಕಡಲಿನ ಬಿಸಿ ಎಲ್ಲವೂ ಸೇರಿದೆ, ಒಪ್ಪಿದೆ. ಆದರೆ ಮೊಟ್ಟೆ ಇಡುವ ಮೊದಲೇ ಬಾಚಿದರೆ ಮುಂದಿನ ವರ್ಷದ ಮೀನು ಎಲ್ಲಿಂದ ಬರಬೇಕು?

ನನ್ನ ತಕರಾರು ಬೇರೆ. ಮೀನು ದೊಡ್ಡದಾಗುವವರೆಗೆ ಕಾಯಬೇಕು ಸರಿ, ಆ ಕಾಯುವ ಖರ್ಚು ಯಾರದ್ದು? ಮೀನುಗಾರರ ಉಳಿತಾಯ ಪರಿಹಾರ ಯೋಜನೆ ಅಂತ ಒಂದಿದೆ. ಅವರದ್ದೇ 1,500 ರೂಪಾಯಿ, ರಾಜ್ಯದ್ದು 1,500, ಕೇಂದ್ರದ್ದು 1,500. ಒಟ್ಟು 4,500. ಇದರಲ್ಲಿ ಮೀನುಗಾರಿಕೆ ನಿಷೇಧದಿಂದ ಕೆಲಸವಿಲ್ಲದ ಮಳೆಗಾಲ ಕಳೆಯಬೇಕಂತೆ! ಬೋಟಿನ ಸಾಲ, ಡೀಸೆಲ್ ಬಾಕಿ ತಲೆ ಮೇಲಿರುವವನು ಆಗಸ್ಟ್‌ನಲ್ಲಿ ಕಡಲಿಗಿಳಿದ ಮೇಲೆ ಸ್ಕೇಲ್ ಹಿಡಿದು ಕೂರ್ತಾನಾ? ನಾನಾಗಿದ್ದರೆ ಕೂರುತ್ತಿರಲಿಲ್ಲ.

ಮತ್ತೆ ಈ ಗಡಿಯ ತಮಾಷೆ. ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ, ಮಳೆಗಾಲದ ನಿಷೇಧಕ್ಕೆ ಜೂನ್ 1ರಿಂದಲೇ ಬೋಟು ಕಟ್ಟಬೇಕು, 61 ದಿನ. ಈಚೆ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ, 52 ದಿನ. ರಸ್ತೆಯಲ್ಲಿ ಚೆಕ್‌ಪೋಸ್ಟ್ ಇದೆ, ನೀರಲ್ಲಿ ಎಲ್ಲಿದೆ? ಎರಡು ರಾಜ್ಯದವರು ಕೂತು ಒಂದು ತಾರೀಕು ಮಾಡಲಿ. ಸಣ್ಣ ಮೀನನ್ನು ಬಂದರಿನಲ್ಲಿ ಲೋಡುಗಟ್ಟಲೆ ಕೊಳ್ಳುವವರ ಹತ್ತಿರ ತಪಾಸಣೆ ಜಾಸ್ತಿ ಮಾಡಲಿ. ಬುಟ್ಟಿ ಹೊತ್ತ ಹೆಂಗಸರನ್ನು ಬಿಡಲಿ.

ಹಸಿರು ಬೆಳವಣಿಗೆ ಅಂತ ಭಾಷಣ ಮಾಡುವವರು ಒಮ್ಮೆ ಇದೇ ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ ಹೋಗಬೇಕು. ಅಲ್ಲಿ ಹಿನ್ನೀರಿನಲ್ಲಿ ಹಗ್ಗಕ್ಕೆ ಪಚ್ಚಿಲೆ (ತಿನ್ನುವ ಚಿಪ್ಪುಜೀವಿ) ಕಟ್ಟಿ ಬೆಳೆಸುತ್ತಾರೆ, ಹೆಂಗಸರ ಗುಂಪುಗಳೇ ಜಾಸ್ತಿ. ತಿನಿಸು ಹಾಕುವುದಿಲ್ಲ. ನೀರಿನಲ್ಲಿರುವ ಪಾಚಿಯ ಕಣಗಳನ್ನೇ ಸೋಸಿ ತಿಂದು ಬೆಳೆಯುತ್ತದೆ. ಮಳೆ ಬಂದು ನೀರು ಸಪ್ಪೆಯಾಗುವ ಮೊದಲು ಕಿತ್ತು ಮಾರಿದರೆ ಆಯಿತು. ಆದರೆ ಆ ನೀರಿಗೆ ಚರಂಡಿ ಬಿಟ್ಟರೆ ಎಲ್ಲ ಮುಗೀತು.

ಮರುದಿನ ಮೀನಿನ ಅಕ್ಕನ ಹತ್ತಿರ ಅಳತೆಯ ವಿಷಯ ತೆಗೆದೆ. "ದೊಡ್ಡದು ಬಂದ್ರೆ ದೊಡ್ಡದೇ ಕೊಡ್ತೇನೆ ಅಣ್ಣ, ನಿನ್ನೆ ಬಂದದ್ದು ಅದು" ಅಂದರು. ಆಮೇಲೆ ಎಷ್ಟು ಕೆಜಿ ಬೇಕು ಅಂತ ಕೇಳಿದರು.