ಜಾಣರ ಪಕ್ಕ ಕೂಡಿಸಿದರಷ್ಟೇ ಸಾಲದು

ಹಿಂದುಳಿದ ಮಕ್ಕಳನ್ನು ಜಾಣರ ಪಕ್ಕ ಕೂಡಿಸಿದರೆ ಮಕ್ಕಳೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಾರೆ ಎಂದು ಒಂದು ಲೇಖನದಲ್ಲಿ ಓದಿದೆ. ಗದಗ, ಹಾವೇರಿ ಕಡೆಯ ನಲವತ್ತೈವತ್ತು ಮಕ್ಕಳ ತರಗತಿಯಲ್ಲಿ ಅಷ್ಟೇ ಮಾಡಿದರೆ ಆಗುವುದು ನಕಲು.

ಅದರ ಬದಲು ಹೀಗೆ ಮಾಡಿ. ಹಲಗೆ ಮೇಲೆ ಒಂದೇ ಪ್ರಶ್ನೆ ಬರೆಯಿರಿ: 1/2 ಕ್ಕೆ 1/3 ಕೂಡಿಸಿದರೆ 2/5, 5/6, 1/6 ಇವುಗಳಲ್ಲಿ ಯಾವುದು? ಎರಡು ನಿಮಿಷ ಪಿಟ್ಟೆನ್ನದೆ ಪಾಟಿಯಲ್ಲಿ ಬರೆದು ಎಲ್ಲರೂ ಒಮ್ಮೆಲೇ ಎತ್ತಿ ತೋರಿಸಲಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಎರಿಕ್ ಮಜೂರ್ ಭೌತಶಾಸ್ತ್ರದ ಪಾಠಕ್ಕೆ 1991 ರಲ್ಲಿ ಶುರು ಮಾಡಿದ ಪದ್ಧತಿ ಹೆಚ್ಚುಕಡಿಮೆ ಇದೇ. ಸರಿ ಉತ್ತರ ಸುಮಾರು ಶೇ 30 ರಿಂದ 70 ರೊಳಗೆ ಇದ್ದರಷ್ಟೇ ಮಕ್ಕಳನ್ನು ಜೋಡಿ ಮಾಡಿ ಚರ್ಚೆಗೆ ಬಿಡಬೇಕು. ಅದಕ್ಕಿಂತ ಕಡಿಮೆ ಇದ್ದಾಗ ಬಿಟ್ಟರೆ ತಪ್ಪೇ ಹಬ್ಬುತ್ತದೆ, ಅಲ್ಲಿ ಅಕ್ಕೋರೇ ಮತ್ತೆ ಹೇಳಿಕೊಡಬೇಕು.

ಜೋಡಿ ಮಾಡುವಾಗ ಅಂಕ ನೋಡಬೇಡಿ, ಬೇರೆ ಬೇರೆ ಉತ್ತರ ಬರೆದವರನ್ನು ಕೂಡಿಸಿ. ಪಾಟಿ, ಕಡ್ಡಿ ತಿಳಿಯದವನ ಕೈಯಲ್ಲೇ ಇರಲಿ. ಜಾಣನ ಕೈಗೆ ಹೋಯಿತೋ, ಲೆಕ್ಕ ಮುಗಿಯುತ್ತದೆ, ಕಲಿಕೆ ಅಲ್ಲೇ ನಿಲ್ಲುತ್ತದೆ. ಅಂಶ, ಛೇದ ಅನ್ನುವ ಶಬ್ದ ಬಾರದಿದ್ದರೂ ಚಿಂತೆಯಿಲ್ಲ. ‘ಅರ್ಧ ರೊಟ್ಟಿಗೆ ಮತ್ತಷ್ಟು ಕೂಡಿಸಿದ ಮ್ಯಾಲ ಅರ್ಧಕ್ಕಿಂತ ಕಡಿಮಿ ಹ್ಯಾಂಗಾತಲೇ?’ ಎಂದು ಗೆಳೆಯ ಕೇಳಿದರೆ 2/5 ಅಲ್ಲೇ ಬಿದ್ದುಹೋಗುತ್ತದೆ. (ಈ ಕೆಲಸ ಪಠ್ಯದ ಭಾಷೆಯಿಂದ ಆಗುವುದು ಕಷ್ಟ.)

ಮೂರ್ನಾಲ್ಕು ನಿಮಿಷ ಬಿಟ್ಟು ಮತ್ತೆ ಪಾಟಿ ಎತ್ತಿಸಿ. ಬಹಳ ಕಡೆ ತಪ್ಪಿಹೋಗುವ ಹೆಜ್ಜೆ ಇದೇ. ಉತ್ತರ ಬದಲಿಸಿದವರಲ್ಲಿ ಒಬ್ಬರನ್ನು ಎಬ್ಬಿಸಿ, ಯಾಕೆ ಬದಲಿಸಿದೆ ಎಂದು ಕೇಳಿ. ಬರೇ ‘ಅವ ಹೇಳಿದ’ ಅಂದರೆ ಜೋಡಿ ಬದಲಿಸುವ ಹೊತ್ತಾಗಿದೆ.