ನೀವು ಯಾರ ಪೈಕಿ ಸರ್?

ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನಾನು ಬರೆದದ್ದು ಒಂದೇ ಸಾಲು: 'ನಳಕ್ಕೆ ನೀರು ಬಂದು ಎಂಟು ದಿನ ಆಯ್ತು.' ಹತ್ತು ನಿಮಿಷದಲ್ಲಿ ನಾನು ಬುದ್ಧಿಜೀವಿ ಆಗಿದ್ದೆ. ಇಷ್ಟು ವರ್ಷ ಮನೆಯಲ್ಲಿ ಯಾರೂ ಒಪ್ಪದ ಮಾತು! ಖುಷಿಯಿಂದ ಹೆಂಡತಿಗೆ ತೋರಿಸಿದೆ. 'ಹೊಗಳಿಲ್ರೀ, ಬೈದಾರ' ಅಂದಳು.

ಸಮಾಧಾನಕ್ಕೆ 'ಹಿಂದಿನ ಸರ್ಕಾರದಲ್ಲೂ ಬರುತ್ತಿರಲಿಲ್ಲ ಬಿಡಿ' ಎಂದು ಸೇರಿಸಿದೆ. ಈಗ ಇನ್ನೊಂದು ಕಡೆಯವರು ಎದ್ದರು. ನಾನು ಭಕ್ತನಂತೆ. ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ಊರು ನಮ್ಮದು. ಶರಣರ ಆರು ಮೆಟ್ಟಿಲ ಸಾಧನೆಯಾದ ಷಟ್‌ಸ್ಥಲದಲ್ಲಿ ಭಕ್ತ ಅನ್ನೋದು ಮೊದಲ ಮೆಟ್ಟಿಲು. ಶರಣರು ಅದನ್ನು ಹತ್ತಲು ಜೀವ ತೇದರು. ಈಗ ಒಂದು ಮೆಸೇಜ್ ಸಾಕು.

ನಮ್ಮ ಕಲಬುರಗಿ ಕಡೆ ಬೈಗುಳಗಳ ರಾಜ ಅಂದರೆ ರಜಾಕಾರ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ, ಸೆಪ್ಟೆಂಬರ್ 17, ಹತ್ತಿರ ಬಂದಂತೆ ಭಾಷಣಕಾರರಿಗೆ ಅದು ಜಾಸ್ತಿ ನೆನಪಾಗುತ್ತದೆ. ನಿಜಾಮನ ಪರ ನಿಂತಿದ್ದ ಖಾಸಿಂ ರಜ್ವಿಯ ಪಡೆ ತಾನೇ ಮೆರೆಸಿಕೊಂಡಿದ್ದ ಹೆಸರು ಅದು. ಅರ್ಥ ಸ್ವಯಂಸೇವಕ! 1948ರ ಹೊತ್ತಿಗೆ ಲೂಟಿ, ಬೆಂಕಿ ಎಲ್ಲ ಸೇರಿ ಪದದ ಮಾನ ಹೋಗಿತ್ತು. ಅದು ಬೈಗುಳ ಆದದ್ದಕ್ಕೆ ಕಾರಣವಿದೆ, ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಈಗ ಚರಂಡಿ ಟೆಂಡರಿನ ಜಗಳದಲ್ಲೂ ಎದುರಿನವನು ರಜಾಕಾರನೇ. ಬಾಂಗ್ಲಾದೇಶದಲ್ಲೂ 1971ರ ಯುದ್ಧದಲ್ಲಿ ಪಾಕ್ ಸೇನೆಗೆ ನೆರವಾದವರ ಹೆಸರಾಗಿ ಅದು ಇಷ್ಟೇ ಕಹಿ ಮಾತು. 2024ರ ಜುಲೈನಲ್ಲಿ ಪ್ರಧಾನಿ ಶೇಖ್ ಹಸೀನಾ ಮೀಸಲಾತಿ ವಿರೋಧಿ ಚಳವಳಿಯ ಬಗ್ಗೆ ಮಾತಾಡುತ್ತ ರಜಾಕಾರರ ಮೊಮ್ಮಕ್ಕಳನ್ನು ಎಳೆತಂದರು. ಹುಡುಗರು 'ನಾವು ಯಾರು? ರಜಾಕಾರರು!' ಎಂದು ಕೂಗುತ್ತ ಬೀದಿಗಿಳಿದರು.

ಬೈಗುಳ ಹೊದ್ದುಕೊಳ್ಳೋದು ನಮಗೂ ಹೊಸದಲ್ಲ. 2018ರಲ್ಲಿ ಗಿರೀಶ ಕಾರ್ನಾಡರು 'ನಾನೂ ನಗರ ನಕ್ಸಲ' ಎಂಬ ಫಲಕ ಕೊರಳಿಗೆ ಹಾಕಿಕೊಂಡಿದ್ದರು. ವಿರೋಧಿಗಳು 'ಚೌಕಿದಾರ ಕಳ್ಳ' ಅಂದದ್ದಕ್ಕೆ ಮರುವರ್ಷ ಪ್ರಧಾನಿಯಿಂದ ಹಿಡಿದು ಅವರ ಪಕ್ಷದ ಪುಡಿ ನಾಯಕರವರೆಗೆ ಎಲ್ಲರೂ ಹೆಸರಿನ ಮುಂದೆ ಚೌಕಿದಾರ ಅಂಟಿಸಿಕೊಂಡರು. ನಮ್ಮ ಓಣಿಯ ಅಸಲಿ ಚೌಕಿದಾರನ ಪಗಾರ ಮಾತ್ರ ಅಷ್ಟೇ ಉಳಿಯಿತು.

ಇನ್ನು ನಮ್ಮದೇ ಬಿರುದು: ಹಿಂದುಳಿದವರು. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗಕ್ಕಿರುವ ಮೀಸಲಾತಿಯ ಪ್ರಮಾಣಪತ್ರಕ್ಕೆ ನಾವೇ ಸಾಲು ನಿಂತು ಹೇಳಿಕೊಳ್ಳುತ್ತೇವೆ. ಬೆಂಗಳೂರಿನವನು ಅದನ್ನೇ ಅಂದರೆ ಮೈ ಉರಿಯುತ್ತದೆ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ ಅತಿ ಹಿಂದುಳಿದ 39 ತಾಲೂಕುಗಳಲ್ಲಿ 21 ನಮ್ಮ ವಿಭಾಗದವೇ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯ್ತು. ಎಷ್ಟು ಸುಲಭ ನೋಡಿ, ಬೋರ್ಡ್ ಬರೆಯುವವನೇ ಕಲ್ಯಾಣ ಮಾಡಿಬಿಟ್ಟ. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಕಲಬುರಗಿಯಲ್ಲಿ ಆ ವರ್ಷ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲ್. ಆ ಮಕ್ಕಳು ಎಡವಾ, ಬಲವಾ? ಅವರಿಗೆ ಗಣಿತದ ಮೇಷ್ಟ್ರು ಬೇಕಿತ್ತು, ಅಷ್ಟೇ. ಇಷ್ಟು ಬೈಗುಳ ಗೊತ್ತಿರುವ ನಮಗೆ ಇದಕ್ಕೆ ಯಾರನ್ನು ಬೈಯಬೇಕು ಅಂತ ಗೊತ್ತಾಗಲೇ ಇಲ್ಲ. ಸಾಕಾಗಿದೆ.

ಇದನ್ನೂ ಗುಂಪಿಗೆ ಹಾಕಿದೆ. ಅಡ್ಮಿನ್ ಉತ್ತರ ಬಂತು: 'ರಾಜಕೀಯ ಬ್ಯಾಡ್ರಿ ಸರ್, ಗುಡ್ ಮಾರ್ನಿಂಗ್ ಅಷ್ಟೇ ಹಾಕ್ರಿ.'

ನೀರು ಇನ್ನೂ ಬಂದಿಲ್ಲ.