ಮನೆಯವರೆಲ್ಲ ಕೂಗಿ ಮಾತನಾಡಿದರೆ ಕಿವಿ ಸರಿಯಾಗುವುದಿಲ್ಲ

ಮಲೆನಾಡಿನ ಮನೆಯಲ್ಲಿ ಹಿರಿಯರೊಬ್ಬರ ಕಿವಿ ಮಂದವಾಗತೊಡಗಿದರೆ ಇಡೀ ಮನೆ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಸೊಸೆ ದನಿ ಏರಿಸುತ್ತಾಳೆ, ಮೊಮ್ಮಕ್ಕಳು ಎದುರಿಗೆ ಬಂದು ನಿಂತು ಹೇಳುತ್ತಾರೆ, ಫೋನು ಬಂದರೆ ಬೇರೆ ಯಾರಾದರೂ ಎತ್ತಿಕೊಳ್ಳುತ್ತಾರೆ. ಧಾರಾವಾಹಿಯ ಜಗಳ ತೋಟದ ತನಕ ಕೇಳುತ್ತದೆ. ಇದನ್ನು ನಾವು ಪ್ರೀತಿ ಎಂದುಕೊಂಡಿದ್ದೇವೆ, ಪ್ರೀತಿಯೇ ಇರಬಹುದು. ಆದರೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿ, ರಜೆಗೆ ಹೊಸನಗರದ ಕಡೆಯ ನಮ್ಮೂರಿಗೆ ಬಂದು ಹೋಗುವ ನನಗೆ ಅನಿಸುವುದೆಂದರೆ, ನಮ್ಮಲ್ಲಿ ಕಿವಿಯ ತೊಂದರೆ ವೈದ್ಯರ ತನಕ ಹೋಗದಿರಲು ದುಡ್ಡು, ದಾರಿಗಳಷ್ಟೇ ಈ ಹೊಂದಾಣಿಕೆಯೂ ಕಾರಣ.

ಮಕ್ಕಳ ವಿಷಯದಲ್ಲಿ ಇದು ಬಲು ದುಬಾರಿ. ಇಂಗ್ಲೆಂಡಿನಲ್ಲಿ 2006ರ ಹೊತ್ತಿಗೆ ನವಜಾತ ಶಿಶುಗಳ ಶ್ರವಣ ತಪಾಸಣೆ ದೇಶದ ತುಂಬ ಜಾರಿಗೆ ಬಂದಿತ್ತು. ಮಗು ನಿದ್ದೆಯಲ್ಲಿರುವಾಗಲೇ ಕಿವಿಗೆ ಮೆತ್ತನೆಯ ತುದಿಯೊಂದನ್ನು ಇಟ್ಟು ಸಣ್ಣ ಸದ್ದುಗಳನ್ನು ಕಳುಹಿಸುತ್ತಾರೆ. ಆರೋಗ್ಯವಾಗಿರುವ ಒಳಗಿವಿ ಆ ಸದ್ದಿಗೆ ಕ್ಷೀಣವಾದ ಪ್ರತಿಧ್ವನಿ ಹೊರಡಿಸುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಕೆಲವೇ ನಿಮಿಷಗಳ ಕೆಲಸ. ಪ್ರತಿಧ್ವನಿ ಸ್ಪಷ್ಟವಾಗಿ ಬರದಿದ್ದರೆ ಮತ್ತೊಂದು ಪರೀಕ್ಷೆಗೆ ಕರೆಯುತ್ತಾರೆ. ತಂದೆ ತಾಯಿ ಅನುಮಾನ ಪಡುವ ತನಕ ಯಾರೂ ಕಾಯುವುದಿಲ್ಲ. ಸಾವಿರ ಶಿಶುಗಳಲ್ಲಿ ಒಂದೆರಡಕ್ಕೆ ಮಾತ್ರ ಶಾಶ್ವತ ದೋಷ ಇರುವುದಾದರೂ ಸಾವಿರಕ್ಕೂ ಪರೀಕ್ಷೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ಶ್ರವಣಸಾಧನ ಎಂಬುದು ತಜ್ಞರು ಒಪ್ಪಿಕೊಂಡಿರುವ ಗಡುವು.

ನಮ್ಮಲ್ಲಿ ಮೊದಲು ಯಾರಿಗಾದರೂ ಅನುಮಾನ ಹುಟ್ಟಬೇಕು. ಎರಡು ವರ್ಷ ತುಂಬಿದರೂ ಮಾತು ಬಾರದ ಮಗುವಿಗೆ, 'ಅವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು' ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಬಾಗಿಲು ಬಡಿದಾಗ ತಿರುಗಿ ನೋಡಿತಲ್ಲ ಎನ್ನುವವರಿದ್ದಾರೆ. ಬಾಗಿಲಿನ ಹೊಡೆತ ಮರದ ಅಟ್ಟದಲ್ಲಿ ಕಂಪನವಾಗಿಯೂ ಮುಟ್ಟುತ್ತದೆ. ಕಿವಿ ಕೇಳದ ಮಗುವಿನ ಕಣ್ಣು ಬಹಳ ಚುರುಕು, ನೆರಳು ಸರಿದರೂ ತಿರುಗುತ್ತದೆ. ಈ ನಡುವೆ ಮಿದುಳು ಭಾಷೆಯನ್ನು ಸುಲಭವಾಗಿ ಹೀರಿಕೊಳ್ಳುವ ವರ್ಷಗಳು ಕಳೆದುಹೋಗುತ್ತವೆ. ಸೋದರಸಂಬಂಧದ ಮದುವೆಯಲ್ಲಿ ಹುಟ್ಟಿನಿಂದ ಬರುವ ಕಿವುಡುತನದ ಸಾಧ್ಯತೆ ಹೆಚ್ಚು ಎಂಬುದನ್ನೂ ನಾವು ಗಟ್ಟಿಯಾಗಿ ಹೇಳುವುದಿಲ್ಲ.

ಸೌಲಭ್ಯ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಮೈಸೂರಿನಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿಗೆ ತಾಳಗುಪ್ಪದಿಂದಲೇ ನೇರ ರೈಲು. ಅಂಗವಿಕಲರಿಗೆ ಸಾಧನಗಳ ನೆರವು ನೀಡುವ ಕೇಂದ್ರದ ಅಡಿಪ್ ಯೋಜನೆಯಡಿ ಬಡ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಅಳವಡಿಸುವ ಸಾಧನ) ಕೂಡ ಸಿಗುತ್ತದೆ, ವಯಸ್ಸು ಮೀರಿರಬಾರದು ಅಷ್ಟೇ. ಮಕ್ಕಳಿದ್ದಲ್ಲಿಗೇ ಹುಡುಕಿಕೊಂಡು ಹೋಗುವುದು ನಮಗೆ ಬಾರದ ವಿದ್ಯೆಯೂ ಅಲ್ಲ. ಗರ್ಭಿಣಿಗೆ ರುಬೆಲ್ಲಾ ಎಂಬ ವೈರಾಣು ಸೋಂಕು ತಗುಲಿದರೆ ಮಗು ಕಿವುಡಾಗಿ ಹುಟ್ಟಬಹುದು. ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆ ಶಾಲೆಗೂ ಒಯ್ದು ಚುಚ್ಚಿದರಲ್ಲ! ಅದೇ ಹಟ ಹೆರಿಗೆ ವಾರ್ಡಿನ ಶ್ರವಣ ಪರೀಕ್ಷೆಗೂ ಇರಬೇಕು.

ಕಿವಿಗೆ ಎಣ್ಣೆ ಬಿಡುವ ವಿಷಯಕ್ಕೆ ಬಂದರೆ ನನ್ನ ಊರಿನವರನ್ನು ಪೂರ್ತಿ ಬೈಯಲಾರೆ. ಗಟ್ಟಿಯಾದ ಗುಗ್ಗೆಯನ್ನು ಮೆತ್ತಗೆ ಮಾಡಲು ಕೋಣೆಯ ಬಿಸುಪಿನ ಆಲಿವ್ ಎಣ್ಣೆಯ ಎರಡು ಮೂರು ಹನಿ ಹಾಕಿ ಎಂದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ಕಿವಿಯ ತಮಟೆಯಲ್ಲಿ ತೂತಿದ್ದರೆ ಹಾಕಬೇಡಿ ಎಂದೂ ಹೇಳುತ್ತದೆ. ನಮ್ಮಲ್ಲಿ ಕಿವಿ ನೋವಿಗೂ ಅದೇ, ಸೋರುವ ಕಿವಿಗೂ ಅದೇ, ಎಣ್ಣೆನೀರಿನ ಹಸುಗೂಸಿಗೂ ಅದೇ. ಬೆಳ್ಳುಳ್ಳಿ ಹಾಕಿ ಕಾಯಿಸಿದ್ದು ಬೇರೆ. ಜೂನ್‌ನಿಂದ ಬಟ್ಟೆಯೇ ಒಣಗದ ಊರಿನಲ್ಲಿ ತೇವದ ಕಿವಿಯೊಳಗೆ ಶಿಲೀಂಧ್ರ ಬೆಳೆಯಲು ಎಣ್ಣೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಪದೇ ಪದೇ ಕೀವು ಸೋರುವ ಮಗುವಿನ ಕಿವಿ ದೊಡ್ಡವನಾದಂತೆ ತಾನಾಗಿ ಸರಿಹೋಗುತ್ತದೆ ಎಂದು ಬಿಡುವುದಂತೂ ಅಪಾಯ. ಸೋಂಕು ಒಳಗಿನ ಮೂಳೆಯನ್ನು ತಿನ್ನಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತು ಸ್ಥಿತಿ. ಸ್ಟೀರಾಯ್ಡ್ ಚಿಕಿತ್ಸೆ ಕೆಲವೇ ದಿನಗಳಲ್ಲಿ ಶುರುವಾಗಬೇಕು, ಎಣ್ಣೆ ಬಿಟ್ಟು ಹಬ್ಬ ಮುಗಿಯಲಿ ಎಂದು ಕಾಯುವಂತಿಲ್ಲ.

ಅಲ್ಲಿನದೆಲ್ಲ ಚೆನ್ನ ಎಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಅನೇಕ ಕಡೆ ಕುಟುಂಬ ವೈದ್ಯರ ಕೇಂದ್ರಗಳು ಗುಗ್ಗೆ ತೆಗೆಯುವುದನ್ನೇ ನಿಲ್ಲಿಸಿವೆ. ಅಂಗಡಿಯಲ್ಲಿ ಪೌಂಡ್ ತೆತ್ತು ತೆಗೆಸಿಕೊಳ್ಳಬೇಕು. ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಸರದಿ. ಈ ಮಟ್ಟಿಗೆ, ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಅಂದೇ ಕಿವಿ ತೋರಿಸಿಕೊಂಡು ಸಂಜೆಗೆ ಮನೆ ಸೇರುವ ನಮ್ಮವರೇ ಅದೃಷ್ಟವಂತರು.

ಸದ್ದಿನ ವಿಷಯದಲ್ಲಿ ಮಾತ್ರ ನಾವು ತೀರಾ ಹಿಂದೆ. ಲೀಡ್ಸ್‌ನ ರಸ್ತೆಬದಿಯ ಹುಲ್ಲು ಕತ್ತರಿಸುವವರ ಕಿವಿಯ ಮೇಲೆ ರಕ್ಷಣೆಯ ಬಟ್ಟಲುಗಳಿರುತ್ತವೆ. ದಿನದ ಸರಾಸರಿ ಸದ್ದು 85 ಡೆಸಿಬಲ್ ತಲುಪುವಲ್ಲಿ ಅದು ಕಡ್ಡಾಯ ಎನ್ನುವ ಕಾನೂನು ಅಲ್ಲಿ 2005ರದು. ನಮ್ಮ ತೋಟಗಳಲ್ಲಿ ಅದೇ ಕಳೆ ಕತ್ತರಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡ ಹುಡುಗ ಇಡೀ ದಿನ ಬರಿಗಿವಿಯಲ್ಲಿ ದುಡಿಯುತ್ತಾನೆ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದಾದರೆ, ಸದ್ದು ಮೂರು ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಉಳಿಯುವುದು ಕಾಲು ಗಂಟೆ. ಮೆಟ್ಟುಗತ್ತಿಯ ಮುಂದೆ ಕುಳಿತು ಹರಟುತ್ತ ಅಡಿಕೆ ಸುಲಿಯುತ್ತಿದ್ದ ರಾತ್ರಿಗಳು ಹೋಗಿ ಸುಲಿಯುವ ಯಂತ್ರ ಬಂತು. ಕಿವಿಗೆ ಹಾಕುವ ಅಗ್ಗದ ಬಿರಡೆ ಅದರ ಜೊತೆ ಬರಲಿಲ್ಲ.

ಹೀಗೆ ಸದ್ದಿನಿಂದಲೋ ವಯಸ್ಸಿನಿಂದಲೋ ಹೋಗುವ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸದ್ದುಗಳನ್ನು. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಅ, ಆ, ಓ ಮುಂತಾದ ಸ್ವರಗಳು ಉಳಿಯುತ್ತವೆ. 'ಕೇಳುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ' ಎಂದು ಅಜ್ಜ ಹೇಳುವುದು ಇದಕ್ಕೇ. ನಾವು ಕೂಗಿದಾಗ ಹೆಚ್ಚುವುದು ಮುಖ್ಯವಾಗಿ ಸ್ವರಗಳೇ, ಜೊತೆಗೆ ನಮ್ಮ ಮುಖದ ಸಿಟ್ಟು. ಬೆಳಕಿನಲ್ಲಿ ಎದುರು ಕುಳಿತು ನಿಧಾನವಾಗಿ ಮಾತನಾಡುವುದು ಮೇಲು, ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಆಡಿಯೋಗ್ರಾಮ್ ಮಾಡಿಸುವುದು ಅದಕ್ಕಿಂತ ಮೇಲು. ನಡುವಯಸ್ಸಿನ ಶ್ರವಣದೋಷವನ್ನು ಮರೆಗುಳಿತನದ ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ವೈದ್ಯಲೋಕ ಸೇರಿಸಿದೆ; ಮಾತುಕತೆಯಿಂದ ಹೊರಗುಳಿದ ಮನುಷ್ಯ ಜಗಲಿಯ ಮೂಲೆ ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ.

ಶ್ರವಣಸಾಧನ ಕೊಂಡವರ ಮನೆಯಲ್ಲಿಯೂ ಅದು ಹಲವು ಸಲ ಕಪಾಟಿನಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ಸಾಧನ, ಬ್ಯಾಟರಿ, ದುರಸ್ತಿ ಮೂರೂ ಸರ್ಕಾರದ ವೆಚ್ಚದಲ್ಲಿ ನಡೆಯುತ್ತವೆ. ಕಿವಿ ಹೊಸ ಸದ್ದಿಗೆ ಒಗ್ಗಲು ವಾರಗಳು ಬೇಕು ಎಂದು ಮೊದಲೇ ತಿಳಿಸಿ, ಮತ್ತೆ ಕರೆದು ಹೊಂದಿಸಿ ಕೊಡುತ್ತಾರೆ. ನಮ್ಮಲ್ಲಿ ಶಿಬಿರದಲ್ಲಿ ಕೈಗಿತ್ತು ಫೋಟೋ ತೆಗೆದರೆ ಕೆಲಸ ಮುಗಿಯಿತು. ಮೇಲಾಗಿ ನಮ್ಮ ಮಳೆಗಾಲ. ರಾತ್ರಿ ಸಾಧನವನ್ನು ತೆಗೆದು, ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಹರಳುಗಳ ಮುಚ್ಚಿದ ಡಬ್ಬಿಯಲ್ಲಿಡದಿದ್ದರೆ ಅದು ಬೇಗ ಕೆಡುತ್ತದೆ. ಜಿಂಕ್ ಬ್ಯಾಟರಿಯಾದರೆ ಅದನ್ನು ಹೊರತೆಗೆದು ಬೇರೆಯೇ ಇಡಬೇಕು. ಈ ಡಬ್ಬಿಯನ್ನು ಮಾರುವವರು ತಾವಾಗಿ ಕೊಡದಿದ್ದರೆ ಕೇಳಿ ಪಡೆಯಿರಿ.